ಮೈನಿಂಗ್‌ನಲ್ಲಿ ಎಂ.ಟೆಕ್ ಮಾಡಲಾ?

ಪ್ರಶ್ನೆ: ಮೈನಿಂಗ್ ಬಿ.ಇ. ಕೊನೆ ವರ್ಷದಲ್ಲಿದ್ದೇನೆ. ಎಂ.ಟೆಕ್ ಮಾಡಲಾ, ಕೆಲಸಕ್ಕೆ ಸೇರಲಾ?
– ಓದುಗ, ಕೋಲಾರ

ಉತ್ತರ: ಗಣಿ ಮ್ಯಾನೇಜರ್ ಆಗುವ ಆಸೆ ಇದ್ದರೆ ಮೊದಲು ಕೆಲಸಕ್ಕೆ ಸೇರಿ. ಯಾಕೆಂದರೆ ಅದಕ್ಕೆ ಬೇಕಾದ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್‌ಗೆ (ಗಣಿ ನಡೆಸಲು ಸರ್ಕಾರ ಕೊಡುವ ಅರ್ಹತಾ ಪತ್ರ) ಗಣಿಯಲ್ಲಿ ದುಡಿದ ಅನುಭವ ಬೇಕೇ ಬೇಕು, ಬರೀ ಎಂ.ಟೆಕ್ ಪದವಿಯಿಂದ ಅದು ಸಿಗುವುದಿಲ್ಲ. ಹುಟ್ಟಿ ಚಿನ್ನದ ಗಣಿಯಂಥ ಕಡೆ ನೆಲದಡಿ ಕಲಿಯುವುದು ಬೇರೆಯೇ ಪಾಠ.

ಆದರೆ ನಿಮ್ಮ ಕೆಜಿಎಫ್‌ನಲ್ಲಿ 3 ಕಿ.ಮೀ.ಗೂ ಜಾಸ್ತಿ ಆಳಕ್ಕೆ ಇಳಿದಿದ್ದರಲ್ಲ, ಅಲ್ಲಿ ಬಂಡೆ ಯಾಕೆ ಸಿಡಿಯುತ್ತಿತ್ತು ಅನ್ನುವಂಥ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಖಂಡಿತ ಎಂ.ಟೆಕ್ ಮಾಡಿ. ಸಂಶೋಧನೆಗೆ, ಪಾಠ ಹೇಳುವುದಕ್ಕೆ ಅದೇ ದಾರಿ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಮೈನಿಂಗ್ ಪೇಪರ್ ಈಗಲೇ ಬರೆಯಿರಿ, ಸ್ಕೋರ್ 3 ವರ್ಷ ನಡೆಯುತ್ತದೆ. ಧನಬಾದ್, ಖರಗ್‌ಪುರದ ಐಐಟಿಗಳ ಜೊತೆ ನಮ್ಮ ಸುರತ್ಕಲ್ ಎನ್‌ಐಟಿಕೆಯನ್ನೂ ನೋಡಿ. ಸುಮ್ನೆ ಕೆಲಸ ಸಿಗಲಿಲ್ಲ ಅಂತ ಮಾತ್ರ ಎಂ.ಟೆಕ್‌ಗೆ ಸೇರಬೇಡಿ.