ಹಳೇ ಎಸ್ಪ್ರೆಸೊ ಮಷೀನು: ಬಿಸಾಡುವ ಮೊದಲು ಬಿಚ್ಚಿ ನೋಡಿ

ಪ್ರಶ್ನೆ: ನಮ್ಮಲ್ಲಿ ಗಾಜಿಯಾ ಕ್ಲಾಸಿಕ್ ಇದೆ, ಕೊಂಡು ಹದಿನಾಲ್ಕು ವರ್ಷ. ಈಚೆಗೆ ಹಿಡಿಕೆಯ (ಪುಡಿ ತುಂಬಿ ಮಷೀನಿಗೆ ಸಿಕ್ಕಿಸುವ ಬಟ್ಟಲಿನ) ಸುತ್ತ ನೀರು ಸೋರುತ್ತದೆ. ಕಾಫಿ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಹಿಡಿಕೆ ಬಿಚ್ಚಿದರೆ ಚರಟ ಕೆಸರಿನಂತಿದ್ದು ಒಮ್ಮೊಮ್ಮೆ ಕೈಗೆ ಸಿಡಿಯುತ್ತದೆ. ರಿಪೇರಿಯವರು ಹೊಸದೇ ತಗೊಳ್ಳಿ ಅಂತಾರೆ. ನಮ್ಮದು ಬೋರ್‌ವೆಲ್ ನೀರು. (ಕೋಲಾರದ ಓದುಗರು)

ಉತ್ತರ: ಹೊಸದು ಬೇಡ. 1991ರಲ್ಲಿ ಬಂದ ಈ ಮಾಡೆಲ್ಲಿಗೆ ಬಿಡಿಭಾಗಗಳು ಈಗಲೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬಿಚ್ಚಲು ಸ್ಕ್ರೂಡ್ರೈವರ್, ಅಲೆನ್ ಕೀ, ಸ್ಪ್ಯಾನರ್ ಸಾಕು. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲಷ್ಟೇ ಕೈ ಹಾಕಿ.

ಸೋರಿಕೆಗೆ ಕಾರಣ ಗ್ಯಾಸ್ಕೆಟ್. ಕುಕ್ಕರ್ ಗ್ಯಾಸ್ಕೆಟ್ಟಿನ ಹಾಗೆ ಇದೂ ಶಾಖಕ್ಕೆ ಗಟ್ಟಿಯಾಗುತ್ತದೆ. ಹಿಡಿಕೆ ಮೊದಲು ನಿಮ್ಮ ಎದುರಿಗೆ ನೇರ ನಿಲ್ಲುತ್ತಿದ್ದದ್ದು ಈಗ ತುಂಬಾ ಬಲಕ್ಕೆ ಹೋಗುತ್ತಿದ್ದರೆ ಅನುಮಾನವೇ ಬೇಡ. ಹಿಡಿಕೆ ಕೂರುವಲ್ಲಿ ಮೇಲಿರುವ ಜಾಲರಿಯ ನಡುವಿನ ಸ್ಕ್ರೂ ಬಿಚ್ಚಿ, ಅದರ ಹಿಂದಿನ ಬಿಲ್ಲೆಯನ್ನೂ ತೆಗೆಯಿರಿ. ಹಳೇ ಗ್ಯಾಸ್ಕೆಟ್ ಸುಲಭಕ್ಕೆ ಬರುವುದಿಲ್ಲ. ಗ್ಯಾಸ್ಕೆಟ್ಟಿನೊಳಕ್ಕೇ ಒಂದು ಸಣ್ಣ ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಹಿಡಿದು ಎಳೆಯಿರಿ. ತುಂಡು ತುಂಡಾಗಿ ಬಂದರೂ ಪರವಾಗಿಲ್ಲ, ಆದರೆ ಅದು ಕೂರುವ ತೋಡಿನಲ್ಲಿ ಕರಿ ಚೂರು ಉಳಿಯಬಾರದು. ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಅದೇ ದಪ್ಪದ್ದನ್ನು ಕೂರಿಸಿ. ಸಿಲಿಕೋನ್‌ನದು ಸಿಕ್ಕರೆ ಅದನ್ನೇ ಹಾಕಿ, ಹೆಚ್ಚು ಬಾಳುತ್ತದೆ.

ಕೆಸರಾದ ಚರಟದ್ದು ಬೇರೆ ಕಥೆ. ಕಾಫಿ ಸ್ವಿಚ್ ಆರಿಸಿದ ಕೂಡಲೇ ಪಕ್ಕದ ಸಣ್ಣ ಕೊಳವೆಯಿಂದ ‘ಪುಸ್’ ಎಂದು ಟ್ರೇಗೆ ನೀರು ಬೀಳಬೇಕು. ಒತ್ತಡವನ್ನು ಹೀಗೆ ಹೊರಬಿಡುವುದು ಸೊಲೆನಾಯ್ಡ್ ವಾಲ್ವ್. ಅದು ಕಟ್ಟಿಕೊಂಡರೆ ಒತ್ತಡ ಹಿಡಿಕೆಯಲ್ಲೇ ಉಳಿದು ನಿಮ್ಮ ಕೈಗೆ ಸಿಡಿಯುತ್ತದೆ. ಕಟ್ಟಿರುವುದು ನಿಮ್ಮ ಬೋರ್‌ವೆಲ್ ನೀರಿನ ಸುಣ್ಣ. ಕಾಫಿ ನಿಧಾನವಾಗಿ ಇಳಿಯುವುದಕ್ಕೂ ಅದೇ ಕಾರಣವಿದ್ದೀತು.

ಒಂದು ಲೀಟರ್ ನೀರಿಗೆ ಸುಮಾರು 20 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಟ್ಯಾಂಕಿಗೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಒಳಗೆ ಹರಿಸಿ. ನಿಮ್ಮ ಬಾಯ್ಲರ್ ಅಲ್ಯೂಮಿನಿಯಂನದು, ಆಸಿಡ್ ಅದನ್ನೂ ತಿನ್ನುತ್ತದೆ. ಹದಿನೈದು–ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ರಾತ್ರಿಯಿಡೀ ನೆನೆಸುವುದಂತೂ ಬೇಡವೇ ಬೇಡ. ಎರಡು ಟ್ಯಾಂಕ್ ಶುದ್ಧ ನೀರು ಹರಿಸಿ ತೊಳೆಯಿರಿ. ಇದಾದ ಮೇಲೆ ಮಷೀನು ಇನ್ನೂ ಹದಗೆಟ್ಟಂತೆ ಕಂಡರೆ ಗಾಬರಿ ಬೇಡ: ಕಿತ್ತು ಬಂದ ಸುಣ್ಣದ ಚಕ್ಕೆ ವಾಲ್ವಿನ ಸಣ್ಣ ರಂಧ್ರದಲ್ಲಿ ಸಿಕ್ಕಿರುತ್ತದೆ. ಆಗ ವಾಲ್ವ್ ಬಿಚ್ಚಿ, ಒಳಗಿನ ಸ್ಪ್ರಿಂಗು, ಕಡ್ಡಿ ತೊಳೆದು, ರಂಧ್ರಕ್ಕೆ ಸೂಜಿ ಹಾಕಿ ಬಿಡಿಸಿ. ಆಸಿಡ್ಡನ್ನು ಮೊದಲು ಹರಿಸಿ ವಾಲ್ವನ್ನು ಆಮೇಲೆ ಬಿಚ್ಚಿ ಎನ್ನುವುದು ಇದಕ್ಕೇ.

ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ಇದರಲ್ಲಿ ಹಾಕುತ್ತಿದ್ದರೆ ನಿಲ್ಲಿಸಿ, ಅಂಟಂಟಾಗಿ ದಾರಿ ಕಟ್ಟುತ್ತದೆ.

ಸ್ವಿಚ್ ಹಾಕಿದೊಡನೆ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬಿದ್ದರೆ ಮಾತ್ರ ವಿಷಯ ಬೇರೆ. ಬಾಯ್ಲರಿನೊಳಗಿನ ಎಲಿಮೆಂಟ್ ಹೋಗಿರಬಹುದು. ಅದನ್ನೊಂದೇ ಬದಲಿಸಲಾಗದು, ಬಾಯ್ಲರೇ ಬೇಕು. ಅದರ ಬೆಲೆ ವಿಚಾರಿಸಿ ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಅಮೆರಿಕದಿಂದ ಮಗಳು ತಂದ ಹಳೇ ಮಷೀನನ್ನು ಇಲ್ಲಿ ಪ್ಲಗ್ಗಿಗೆ ಹಾಕಬಹುದೇ? (ಮೈಸೂರಿನ ಓದುಗರು)

ಉತ್ತರ: ಖಂಡಿತ ಬೇಡಮ್ಮ. ಅದು 120 ವೋಲ್ಟಿನದು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಟ್ಟರೂ 60 ಹರ್ಟ್ಸ್‌ನ ಪಂಪು ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅಷ್ಟು ವ್ಯಾಟಿನ ಟ್ರಾನ್ಸ್‌ಫಾರ್ಮರಿಗೆ ಕೊಡುವ ದುಡ್ಡಿನ ಜೊತೆಗೆ ಇನ್ನಷ್ಟು ಸೇರಿಸಿ ಇಲ್ಲಿಯದನ್ನೇ ಕೊಳ್ಳಿ.