ಎಲೆಯ ಎಡಭಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾಸನ ಜಿಲ್ಲೆಯ ನಿವೃತ್ತ ನೌಕರರೊಬ್ಬರಿಗೆ ಮಿದುಳಿನ ಬಲಭಾಗದಲ್ಲಿ ಆಘಾತ (ಸ್ಟ್ರೋಕ್) ಆಗಿ ಮೂರು ತಿಂಗಳಾಗಿತ್ತು. ನನ್ನ ಬಳಿಗೆ ಮೊದಲು ಬಂದವರು ಅವರ ಪತ್ನಿ. ಮದುವೆಮನೆಯ ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲವೂ ಇದ್ದರೂ ಪತಿ ‘ಉಪ್ಪೇ ಹಾಕಿಲ್ಲ’ ಎಂದು ಬಡಿಸುವವರ ಮೇಲೆ ರೇಗಿದ್ದರಂತೆ. ಮನೆಯಲ್ಲಿ ಎಡಗೆನ್ನೆಯ ಗಡ್ಡ ಹಾಗೆಯೇ ಉಳಿಯುತ್ತಿತ್ತು. ಎಡಕ್ಕೆ ಕುಳಿತು ಮಾತನಾಡಿಸಿದರೆ ಉತ್ತರವಿರುತ್ತಿರಲಿಲ್ಲ. “ಮೂವತ್ತೈದು ವರ್ಷ ಸಂಸಾರ ಮಾಡಿದವಳನ್ನು ಈಗ ಕಣ್ಣೆತ್ತಿಯೂ ನೋಡೋದಿಲ್ಲ ಮೇಡಂ, ಬೇಕಂತಲೇ ಮಾಡ್ತಾರೆ” ಎಂದು ಅವರು ಅತ್ತರು.

ಕಣ್ಣಿನ ಪರೀಕ್ಷೆಯಲ್ಲಿ ದೋಷ ಕಂಡಿರಲಿಲ್ಲ. ಕಣ್ಣು ಸರಿಯಿದ್ದರೂ ಒಂದು ಬದಿಯತ್ತ ಗಮನವೇ ಹೋಗದ ಇಂಥ ಸ್ಥಿತಿಯನ್ನು ‘ನೆಗ್ಲೆಕ್ಟ್’ ಎನ್ನುತ್ತಾರೆ. ಮುಂದಿನ ಭೇಟಿಗೆ ಪತಿಯೂ ಬಂದಾಗ, 1978ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಎಂಬ ಸಂಶೋಧಕರು ಮಿಲಾನಿನ ಚೌಕವೊಂದನ್ನು ಮನಸ್ಸಿನಲ್ಲೇ ಕಂಡು ವರ್ಣಿಸುವಂತೆ ಇಂಥದೇ ತೊಂದರೆಯ ರೋಗಿಗಳನ್ನು ಕೇಳಿದ್ದು ನನಗೆ ನೆನಪಾಯಿತು. ಬೇಲೂರಿನ ಗುಡಿ ಇವರಿಗೆ ಅಂಗೈ ನೆಲ್ಲಿ. ಪೂರ್ವದ ಗೋಪುರದಿಂದ ಒಳಬಂದು ನಿಂತಂತೆ ಊಹಿಸಿಕೊಳ್ಳಿ ಎಂದಾಗ ಬಲಕ್ಕಿರುವ ಕಲ್ಯಾಣಿಯನ್ನು ಹೇಳಿದರು, ಎಡಕ್ಕಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಬಿಟ್ಟರು. ದೇವರಿಗೆ ಬೆನ್ನುಮಾಡಿ ಗೋಪುರದತ್ತ ನೋಡುತ್ತಿದ್ದೀರಿ ಎಂದೊಡನೆ ಚೆನ್ನಿಗರಾಯ ಬಂದ, ಕಲ್ಯಾಣಿ ಮಾಯವಾಯಿತು. ಇದು ರೋಗನಿರ್ಣಯದ ಪರೀಕ್ಷೆಯೇನೂ ಅಲ್ಲ. ಆದರೆ ನೆನಪಿನಲ್ಲೂ ಎಡಭಾಗವೇ ಜಾರುತ್ತಿದೆಯೆಂಬುದನ್ನು ಪತ್ನಿ ಕಣ್ಣಾರೆ ಕಂಡರು.

“ಸ್ಕ್ಯಾನಿಂಗಿನಲ್ಲಿ ಕಂಡದ್ದು ಸಣ್ಣ ಕಲೆ, ಅದಕ್ಕೆ ಇಷ್ಟೆಲ್ಲ ಹೇಗೆ?” ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಶಿರಾಡಿ ಘಾಟಿಯಲ್ಲಿ ಒಂದು ಕಡೆ ಗುಡ್ಡ ಕುಸಿದರೆ, ರಸ್ತೆ ನೆಟ್ಟಗಿರುವ ಸಕಲೇಶಪುರದಲ್ಲೂ ಲಾರಿಗಳು ನಿಲ್ಲುತ್ತವೆ. ಗಮನವೆಂಬುದು ಮಿದುಳಿನ ಮುಂಭಾಗ ಮತ್ತು ಮೇಲ್ಭಾಗದ ಹಲವು ನೆಲೆಗಳು ಉದ್ದನೆಯ ನರತಂತುಗಳ ಮೂಲಕ ಕೂಡಿ ಮಾಡುವ ಕೆಲಸವಾದ್ದರಿಂದ, ಆ ತಂತುಗಳಿಗೆ ಪೆಟ್ಟು ಬಿದ್ದರೆ ಹಾನಿಯಾಗದ ನೆಲೆಗಳ ಹೊಂದಾಣಿಕೆಯೂ ಕೆಡುತ್ತದೆ, ಎಡ ಬಲ ಅರ್ಧಗೋಳಗಳ ನಡುವಿನ ಸಮತೋಲ ತಪ್ಪಿ ಗಮನ ಬಲಕ್ಕೇ ವಾಲುತ್ತದೆ. ತನಗೆ ಕೊರತೆಯಿದೆ ಎಂಬ ಅರಿವೇ ಇಂಥವರಲ್ಲಿ ಹಲವರಿಗೆ ಇರುವುದಿಲ್ಲ. ಗದರಿಸಿದರೆ ಅವರಿಗೆ ಅದು ಅನ್ಯಾಯವಾಗಿಯೇ ತೋರುತ್ತದೆ.

ಆದ್ದರಿಂದ ಮೊದಲ ಸಲಹೆ ಪತ್ನಿಗೆ: ಮುಖ್ಯವಾದ ಮಾತನ್ನು ಬಲಕ್ಕೆ ಕುಳಿತು ಆಡಬೇಕು, ಗುಳಿಗೆ ನೀರು ಬಲಕ್ಕಿರಲಿ, ಬಿಡುವಿನ ಹರಟೆಗೆ ಮಾತ್ರ ನಿಧಾನವಾಗಿ ಎಡಕ್ಕೆ ಸರಿದು, ಎಡಗೈ ಮುಟ್ಟಿ ಕರೆಯಬೇಕು. ಪತ್ರಿಕೆಯ ಎಡ ಅಂಚಿಗೆ ದಪ್ಪ ಕೆಂಪು ಪಟ್ಟಿ ಅಂಟಿಸಿ, ಪ್ರತಿ ಸಾಲನ್ನೂ ಆ ಕೆಂಪು ಕಂಡ ಮೇಲೆಯೇ ಓದಲು ಆರಂಭಿಸುವ ಅಭ್ಯಾಸ ದಿನವೂ ನಡೆಯಲಿ ಎಂದೆ. ನರರೋಗ ತಜ್ಞರ ಮೂಲಕ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಗೂ ಕಳುಹಿಸಿದೆ. ಸ್ಕೂಟರನ್ನಂತೂ ವೈದ್ಯರು ಒಪ್ಪುವವರೆಗೆ ಮುಟ್ಟಕೂಡದು.

ಮೂರನೆಯ ಭೇಟಿಯ ಹೊತ್ತಿಗೆ ಅವರು ಊಟಕ್ಕೆ ಕುಳಿತಾಗ ‘ಕೆಂಪು ಎಲ್ಲಿ’ ಎಂದು ತಾವೇ ಕೇಳಿಕೊಂಡು ತಲೆ ತಿರುಗಿಸತೊಡಗಿದ್ದರು. ಗಡ್ಡ ಇನ್ನೂ ಅರ್ಧವೇ. ಸ್ಕೂಟರಿನ ಕೀಲಿಗಾಗಿ ಮಗನೊಂದಿಗೆ ಜಗಳ ನಡೆಯುತ್ತಿದೆ, ಮುಂದಿನ ವಾರ ಅವನನ್ನೂ ಕರೆತರಲು ಹೇಳಿದ್ದೇನೆ.