ಡ್ರಿಪ್ಸ್ ಹಾಕಿದ ಜಾಗ ಕೆಂಪಾಗಿ ನೋಯುತ್ತಿದ್ದರೆ ಯಾವ ಆರೈಕೆ ಬೇಕು?

ನಿಮ್ಮ ತಾಯಿಯ ಕೈಯಲ್ಲಿ ಕ್ಯಾನುಲಾ (ಡ್ರಿಪ್ಸ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಇರುವ ಜಾಗ ಕೆಂಪಾಗಿದೆ, ಮುಟ್ಟಿದರೆ ಬಿಸಿ ಎಂದಿದ್ದೀರಿ. ಇದು ಬಹುಮಟ್ಟಿಗೆ ರಕ್ತನಾಳದ ಉರಿಯೂತ, ಅಂದರೆ ಫ್ಲೆಬೈಟಿಸ್. ಕೂಡಲೇ ನರ್ಸ್ ಅವರನ್ನು ಕರೆಯಿರಿ. "ಇನ್ನೊಂದೇ ಬಾಟಲಿ, ಮುಗಿದುಬಿಡಲಿ" ಎಂದು ದಯವಿಟ್ಟು ಕಾಯಬೇಡಿ.

ವಾರ್ಡುಗಳಲ್ಲಿ ಇದನ್ನು 0ಯಿಂದ 5ರವರೆಗೆ ಅಂಕ ಕೊಟ್ಟು ಅಳೆಯುವ ಪದ್ಧತಿಯಿದೆ. ನೋವು, ಕೆಂಪು, ಊತ, ಇವುಗಳಲ್ಲಿ ಎರಡು ಕಂಡರೆ 2 ಅಂಕ. ಅಷ್ಟಾದರೆ ಡ್ರಿಪ್ಸ್ ನಿಲ್ಲಿಸಿ, ಕ್ಯಾನುಲಾ ತೆಗೆದು, ಸಾಧ್ಯವಾದರೆ ಇನ್ನೊಂದು ಕೈಗೆ ಹೊಸದು ಹಾಕಬೇಕು. ಬೆರಳ ತುದಿಯಿಂದ ಮೆಲ್ಲಗೆ ಸವರಿದಾಗ ನಾಳ ಹುರಿಯಂತೆ ಗಟ್ಟಿಯಾಗಿ ಸಿಕ್ಕಿದರೆ ಉರಿಯೂತ ಮುಂದುವರಿದಿದೆ ಎಂದರ್ಥ.

ತೆಗೆದ ಮೇಲೆ ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 15ರಿಂದ 20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡಬಹುದು. ಸಕ್ಕರೆ ಕಾಯಿಲೆಯವರಿಗೆ ಸುಡುವುದು ಗೊತ್ತಾಗದೇ ಇರಬಹುದು, ಶಾಖವನ್ನು ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ. ಉಜ್ಜಬೇಡಿ. ಔಷಧ ನಾಳದ ಹೊರಗೆ ಸೋರಿದ್ದರೆ ಮಾತ್ರ ಲೆಕ್ಕವೇ ಬೇರೆ: ಕೆಲವು ಔಷಧಗಳಿಗೆ ಶಾಖ ಕೂಡದು, ಕೇಳದೆ ಕೊಡಬೇಡಿ.

ಕೀವು, ಚಳಿಜ್ವರ, ತೋಳಿನ ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡರೆ ವೈದ್ಯರು ಆಗಲೇ ನೋಡಬೇಕು.

ಪೊಟ್ಯಾಸಿಯಂ, ಆ್ಯಂಟಿಬಯೋಟಿಕ್ ಆದ ವ್ಯಾಂಕೊಮೈಸಿನ್‌ನಂಥವು ನಾಳವನ್ನು ಕೆರಳಿಸುತ್ತವೆ. ಇವನ್ನು ಸಾಕಷ್ಟು ತೆಳುಮಾಡಿ ನಿಧಾನವಾಗಿ ಕೊಡಬೇಕು. ಮೊಣಕೈ ಮಡಿಕೆಯಲ್ಲಿ ಕ್ಯಾನುಲಾ ಇದ್ದರೆ ಕೈ ಮಡಚಿದಾಗಲೆಲ್ಲ ನಾಳಕ್ಕೆ ಉಜ್ಜುತ್ತದೆ. ತೆಗೆದ ನಂತರವೂ 48 ಗಂಟೆ ಆ ಜಾಗವನ್ನು ಗಮನಿಸುತ್ತಿರಿ, ಉರಿಯೂತ ಆಮೇಲೂ ಕಾಣಿಸಿಕೊಳ್ಳಬಹುದು.